ಕುಪ್ಪಿಯ ಕೊರಳವರೆಗೆ

ನರಿಮೊಗರು
೨೬-೭-೧೯೬೪, ಆದಿತ್ಯವಾರ

ಪ್ರೀತಿಯ ಲೋಲಾಕ್ಷಿ,

ಬೊಂಬಾಯಿ ಮಹಾನಗರದ ಸಕಲ ವಿಜ್ಞಾನಿಗಳಿಗೆ ಈ ಮೂಲಕ ಗಂಭೀರವಾಗಿ ಪ್ರಕಟಪಡಿಸುವುದೇನೆಂದರೆ, ನಿನ್ನೆ ಸಂಜೆ ಐದೂವರೆ ಗಂಟೆಗೆ ಸರಿಯಾಗಿ ನಮ್ಮ ಅಂಗಳದ ಮಳೆಮಾಪಕದ ಬೇಲಿಗೆ ಒಂದು ಚಿಲಕ ಹಾಕಲಾಯಿತು. ಸಮಾರಂಭಕ್ಕೆ ನಾನು, ಬಡಗಿ ಸೀನ ಮತ್ತು ಒಂದು ಹೇಂಟೆ ಹಾಜರಿದ್ದೆವು. ಹೇಂಟೆ ಪ್ರತಿಭಟಿಸಿ ಹೊರನಡೆಯಿತು. ಒಂದು ವಾರದಿಂದ ಅದು ಮಳೆಮಾಪಕದ ಬಾಯಿಯ ಮೇಲೆ ಕೂತು, ಮೊಟ್ಟೆಗೆ ಇದಕ್ಕಿಂತ ಪ್ರಶಸ್ತವಾದ ಜಾಗ ಭೂಮಿಯಲ್ಲಿಲ್ಲ ಎಂಬ ತೀರ್ಮಾನಕ್ಕೆ ಬಂದಿತ್ತು.

ಗಂಡನಾದವನು ಹೆಂಡತಿಗೆ ಕಾಗದದ ಮೊದಲಲ್ಲೇ ಆಶೀರ್ವಾದ ಮಾಡಬೇಕಂತೆ. ಮಾಡಿದ್ದೇನೆಂದು ತಿಳಿದುಕೋ. ನಾನು ಕ್ಷೇಮ. ಅಮ್ಮನೂ ಕ್ಷೇಮ, ಎಡಗಾಲಿನ ಗಂಟೊಂದನ್ನು ಬಿಟ್ಟು. ನಿನ್ನ ಮೂರು ಕಾಗದಕ್ಕೆ ಉತ್ತರ ಬರೆಯದ್ದಕ್ಕೆ ಕ್ಷಮಿಸು. ಶಾಲೆಯ ಮಾಡು ಸೋರುತ್ತಿತ್ತು, ಶಾಯಿ ಮುಗಿದಿತ್ತು, ನನಗೆ ಶೀತ ಆಗಿತ್ತು. ಮೂರೂ ನಿಜ. ಮೂರೂ ಕಾರಣ ಅಲ್ಲ.

ಪೋಸ್ಟಿನ ಡೊಂಬಯ್ಯ ನಿನ್ನ ಮೂರನೆಯ ಕಾಗದ ತಂದವ, ಜಗಲಿಯಲ್ಲಿ ಕೊಡೆ ಮಡಚುತ್ತಾ ಕೇಳಿದ: "ಎಂತ ಮಾಸ್ಟ್ರೆ, ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಹೋಗುದು ಕ್ರಮ. ನಿಮ್ಮವರು ಹೋಗಿ ಇದು ಎರಡನೇ ಆಟಿ ಅಲ್ವಾ?"

"ಅವಳ ತವರು ಬೊಂಬಾಯಿ ಅಲ್ಲ ಮಾರಾಯ, ಕೊಯಿಲ" ಎಂದೆ.

"ಹಾಗಾದ್ರೆ ಇನ್ನೂ ಕಷ್ಟವೇ" ಎಂದು ಕೊಡೆ ಬಿಡಿಸಿ ಹೋದ.

ಆಚೆಮನೆ ಕುಕ್ಕಪ್ಪಣ್ಣನಿಗೆ ಮಾತ್ರ ನಿನ್ನ ವಿದ್ಯೆಯ ಮೇಲೆ ಅಪಾರ ಗೌರವ. ನೀರಿನಲ್ಲಿ ಭಾರದ ನೀರು, ಹಗುರದ ನೀರು ಎಂದು ಉಂಟು. ಒಂದೊಂದು ಕಾಲದ ಮಳೆಯಲ್ಲಿ ಅವು ಬೆರೆಯುವ ಪ್ರಮಾಣ ಬೇರೆ. ನಿನ್ನ ಸಂಸ್ಥೆಯ ಕೋಣೆತುಂಬುವ ಯಂತ್ರ ಅದನ್ನು ಗುರುತಿಸುತ್ತದೆ ಎಂದು ನಾನು ಭಾಷಣ ಮಾಡಿದೆ. ಅವನು ನೇರ ಬಾವಿಕಟ್ಟೆಗೆ ಹೋಗಿ, ಎರಡು ಕೊಡಪಾನ ತುಂಬಿಸಿ, ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ಧ್ಯಾನಿಸಿ, "ಎರಡೂ ಅಷ್ಟೇ ಭಾರ ಉಂಟು ಮಾಸ್ಟ್ರೆ, ಅವರಿಗೆ ಬರೆದು ಬಿಡಿ" ಎಂದ. ಬರೆದಿದ್ದೇನೆ. ನಿನ್ನ ಯಂತ್ರದವರು ಪರಿಶೀಲಿಸಲಿ.

ಇನ್ನು ತಮಾಷೆ ಸಾಕು. ವಿಷಯಕ್ಕೆ ಬರುತ್ತೇನೆ.

ತಿಂಗಳಿಗೊಂದು ಕುಪ್ಪಿಯಂತೆ ನಾನು ಕಳಿಸಿದ್ದರಲ್ಲಿ ಡಿಸೆಂಬರ್, ಫೆಬ್ರವರಿ, ಎಪ್ರಿಲ್ ತಿಂಗಳ ನಮ್ಮೂರ ಮಳೆ ಆಟಿಯ ಜಡಿಮಳೆಯ ಹಾಗೆಯೇ ಹಗುರ ಬಂದಿದೆ, ಇದನ್ನು ಯಾರೂ ಎಲ್ಲೂ ಕಂಡದ್ದಿಲ್ಲ, ಪ್ರೊಫೆಸರರು ಕುಣಿಯುವುದೊಂದು ಬಾಕಿ ಎಂದು ಬರೆದಿದ್ದಿ. ಆಗಸ್ಟ್ ಇಪ್ಪತ್ತಕ್ಕೆ ದೆಹಲಿಯ ಸಭೆಯಲ್ಲಿ ನೀನೇ ಪ್ರಬಂಧ ಓದುವುದೆಂದೂ, ಅದರಲ್ಲಿ ನಿನ್ನ ಹೆಸರೇ ಮೊದಲು ಇರುವುದೆಂದೂ ಬರೆದಿದ್ದಿ. ಆ ಸಾಲಿನ ಕೆಳಗೆ ನೀನು ಎಳೆದ ಗೆರೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಲೋಲಾಕ್ಷಿ, ಅದನ್ನು ಓದಬೇಡ. ಆ ಮೂರು ಕುಪ್ಪಿಗಳಲ್ಲಿ ಮಳೆ ಇದ್ದದ್ದು ಕಾಲು ಭಾಗ. ಉಳಿದ ಮುಕ್ಕಾಲು ನಮ್ಮ ಬಾವಿ.

ನಿನ್ನ ಕಾಗದ ಬಂದ ಮೇಲೆ ಅಡಿಗೆಮನೆಯಲ್ಲಿ ವಿಚಾರಣೆ ನಡೆಸಿದೆ. ಅಮ್ಮ ಕಾಯಿ ತುರಿಯುತ್ತಿದ್ದಳು.

"ಅಮ್ಮಾ, ಬೊಂಬಾಯಿಗೆ ಹೋಗುವ ಕುಪ್ಪಿಗೆ ಬಾವಿನೀರು ಹಾಕಿದ್ದುಂಟಾ?"

"ಮತ್ತೆ? ಕಾಲು ಕುಪ್ಪಿ ಕಳಿಸುದಾ?" ಅವಳು ತಲೆ ಎತ್ತಲಿಲ್ಲ. "ಒಬ್ಬರಲ್ಲಿಗೆ ಪಾತ್ರೆ ಕಳಿಸುವಾಗ ತುಂಬದ್ದನ್ನು ಕಳಿಸಿದ್ದು ಈ ಮನೆಯಲ್ಲಿ ಉಂಟಾ? ಅದೂ ದೂರ ಊರಲ್ಲಿ ಕೂತವಳಿಗೆ. ಅಲ್ಲಿಯವರು ನೋಡಿದ್ರೆ, ಇವಳ ಅತ್ತೆ ನೀರಿಗೂ ಪಿಟ್ಟಾಸಿ, ಜಿಪುಣಿ ಅಂತ ಹೇಳ್ಲಿಕ್ಕಿಲ್ವಾ? ಕೊರಳವರೆಗೆ ತುಂಬಿಸಿ ಅಂತ ಅವಳೇ ಬರೆದದ್ದಲ್ವಾ?"

ಬರೆದದ್ದು ಹೌದು. ಕುಪ್ಪಿಯೊಳಗೆ ಗಾಳಿಗೆ ಜಾಗ ಇರಬಾರದು ಎಂದು ನೀನು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟ ಚೀಟಿಯನ್ನು ನಾನೇ ದೊಡ್ಡ ಗಂಟಲಲ್ಲಿ ಓದಿ ಹೇಳಿದ್ದೆ. ಮಳೆ ಬಾರದಿದ್ದರೆ ಕೊರಳವರೆಗೆ ತುಂಬಿಸುವುದು ಹೇಗೆಂದು ಆ ಚೀಟಿಯಲ್ಲಿ ಇರಲಿಲ್ಲ.

"ಬಾವಿಯದ್ದು ಮಳೆ ಅಲ್ಲ ಅಮ್ಮ."

"ಬಾವಿಗೆ ನೀರು ಮತ್ತೆ ಎಲ್ಲಿಂದ ಬಂದದ್ದು, ನಿನ್ನ ಶಾಲೆಯಿಂದಲಾ? ಹೋದ ಆಟಿಯ ಮಳೆಯೇ ಅದು. ಕೆಳಗೆ ಹೋಗಿ ಕೂತಿದೆ, ಅಷ್ಟೇ."

ನಿನ್ನ ಯಂತ್ರ ಹೇಳಿದ್ದೂ ಅಕ್ಷರಶಃ ಅದನ್ನೇ ಅಲ್ಲವೇ? ಎಪ್ರಿಲ್ ಕುಪ್ಪಿಯಲ್ಲಿ ಆಟಿಯ ಮಳೆ ಉಂಟು ಎಂದಿತು. ಇತ್ತು. ಯಂತ್ರ ಸುಳ್ಳು ಹೇಳಲಿಲ್ಲ. ನೆಲದಡಿಯ ಹಳೇ ನೀರನ್ನು ಓದಿ, ಸಾವಿರಾರು ವರ್ಷ ಹಿಂದೆ ಮಳೆ ಹೇಗಿತ್ತೆಂದು ತಿಳಿಯಬೇಕು, ಅದಕ್ಕೆ ಮೊದಲು ಈಗಿನ ಮಳೆಯ ಕಾಗುಣಿತ ಕಲಿಯಬೇಕು ಎಂದು ಹೊರಡುವ ಹಿಂದಿನ ದಿನ ನೀನು ಹೇಳಿದ್ದಿ. ನಾವು ಆ ಕಾಗುಣಿತದಲ್ಲೇ ಮೂರು ಅಕ್ಷರ ತಿದ್ದಿ ಕಳಿಸಿದ್ದೇವೆ.

ನಾನು ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ತುರಿಮಣೆಯ ಸದ್ದು ನಿಂತಿತು. "ನಾನು ಹಾಕಿದ್ದು ಅಂತ ಬರೀಬೇಡ. ಹೇಂಟೆ ಚೆಲ್ಲಿತು ಅಂತ ಬರಿ" ಎಂದಳು.

"ಹೇಂಟೆ ಚೆಲ್ಲೀತು ಅಮ್ಮ, ತುಂಬಿಸೀತಾ?"

ಅವಳು ನಗಲಿಲ್ಲ. "ಅವಳ ಕೆಲಸ ಹೋಗ್ತದಾ?" ಎಂದು ಕೇಳಿದಳು. ಆ ದಿನ ಅವಳು ರಾತ್ರಿಯ ಗಂಜಿ ಉಣ್ಣಲಿಲ್ಲ.

ಪ್ರೊಫೆಸರರಿಗೆ ಉಳಿಸದೆ ಎಲ್ಲ ಹೇಳಿಬಿಡು. ಅವರು ಸಿಟ್ಟಾದರೆ ಈ ಕಾಗದವನ್ನೇ ತೋರಿಸು, ಕನ್ನಡ ಬಾರದಿದ್ದರೆ ಅವರಿಗೇ ನಷ್ಟ. ಜೂನಿನಿಂದ ನವೆಂಬರಿನವರೆಗಿನ ಆರು ಕುಪ್ಪಿಗಳು ಅಪ್ಪಟ ಮಳೆ. ಆಗ ಆಕಾಶವೇ ಕೊರಳವರೆಗೆ ತುಂಬಿಸಿತ್ತು, ಅಮ್ಮನಿಗೆ ಒಂದು ಹನಿಯ ಅವಕಾಶ ಇರಲಿಲ್ಲ. ಜನವರಿ, ಮಾರ್ಚಿನಲ್ಲಿ ಮಳೆಯೇ ಇರಲಿಲ್ಲ, ಕುಪ್ಪಿಯೂ ಹೋಗಲಿಲ್ಲ. ಮೇ ತಿಂಗಳದ್ದೂ ಶುದ್ಧ. ನೀನು ಹೆಸರು ಕಳೆದುಕೊಳ್ಳುವುದಿದ್ದರೆ ದೆಹಲಿಯಲ್ಲಿ ಓದಿ ಕಳೆದುಕೊಳ್ಳಬೇಡ. ಓದದೆ ಕಳೆದುಕೊಂಡದ್ದು ಮತ್ತೆ ಸಿಗುತ್ತದೆ.

ನಿನಗೆ ನನ್ನ ಆಶೀರ್ವಾದ ಅಗತ್ಯವಿದ್ದಷ್ಟು. ಅಮ್ಮನದ್ದು ಒಂದೇ: ಮೀಯುವ ಮೊದಲು ತಲೆಗೆ ಎಣ್ಣೆ ಹಾಕಿಕೊಳ್ಳಬೇಕಂತೆ, ಓದುವ ತಲೆ ಬಿಸಿಯಾಗುತ್ತದಂತೆ.

ನಿನ್ನ,
ತೀರ್ಥರಾಮ
(ಮಳೆ ಗುಮಾಸ್ತ, ಸಂಬಳವಿಲ್ಲದ್ದು)

ತಾ.ಕ.: ಕಾಗದ ಅಂಟಿಸಿದ್ದೆ, ಪುನಃ ಬಿಡಿಸಿದೆ. ವಿಚಾರಣೆ ನಡೆದದ್ದು ನಿಜ. ಆದರೆ ಏನೂ ಗೊತ್ತಿಲ್ಲದವನ ಹಾಗೆ ನಾನು ಕೇಳಿದ್ದು ನಾಟಕ.

ಡಿಸೆಂಬರಿನ ಕೊನೆಯ ದಿನ ಬೆಳಿಗ್ಗೆ, ಮುಚ್ಚಳಕ್ಕೆ ಹಾಕುವ ಮೇಣ ತರಲು ಒಳಗೆ ಹೋಗಿ ಬರುವಾಗ, ಅಮ್ಮ ಬಾವಿಕಟ್ಟೆಯಲ್ಲಿ ಕೂತು ಚೆಂಬಿನಿಂದ ಕುಪ್ಪಿಗೆ ನೀರು ಬಿಡುತ್ತಿದ್ದಳು. ನೀನು ಹೊರಟ ದಿನ ಜಗಲಿ ಇಳಿಯದವಳು, ಏಳು ತಿಂಗಳು "ಬೊಂಬಾಯಿಯದ್ದು" ಎಂದಲ್ಲದೆ ನಿನ್ನ ಹೆಸರು ಹಿಡಿಯದವಳು, ಅವತ್ತು ಕುಪ್ಪಿಯ ಬಾಯಿಗೆ ಬಗ್ಗಿ ಹೇಳುತ್ತಿದ್ದಳು: "ನಮ್ಮ ಲೋಲಾಕ್ಷಿಗೆ ಇಷ್ಟಾದರೂ ಮುಟ್ಟಲಿ."

ನಾನು ಬಾಗಿಲ ಮರೆಯಲ್ಲಿ ನಿಂತೆ. ಅವಳು ಒಳಗೆ ಹೋದ ಮೇಲೆ ನಾನೇ ಮೇಣ ಹಾಕಿ ಮುಚ್ಚಿದೆ. ಫೆಬ್ರವರಿಯಲ್ಲೂ ಎಪ್ರಿಲಿನಲ್ಲೂ ಮೇಣ ನನ್ನ ಜೇಬಿನಲ್ಲೇ ಇತ್ತು. ಬೇಕೆಂದೇ ಒಳಗೆ ಹೋದೆ, ಆ ಮಾತು ಇನ್ನೊಮ್ಮೆ ಕೇಳಲಿಕ್ಕೆ. ಒಂದು ಚೆಂಬು ನೀರಿನಿಂದ ಏನು ಮಹಾ ಎಂದುಕೊಂಡೆ. ನಿನ್ನ ವರ್ಷ ಕೆಡಿಸಿದ್ದು ಅಮ್ಮ ಅಲ್ಲ. ಮೂರು ಕಾಗದಕ್ಕೆ ಉತ್ತರ ಬಾರದ್ದೂ ಅದಕ್ಕೇ.

ಚಿಲಕ ಹೇಂಟೆಗಾಯಿತು, ಅಮ್ಮನಿಗೆ ಹಾಕುವ ಧೈರ್ಯ ನನಗಿಲ್ಲ. ಆದ್ದರಿಂದ ಒಂದು ಉಪಕಾರ ಮಾಡು. ಮಳೆ ಕಡಿಮೆಯ ತಿಂಗಳುಗಳಿಗೆ ಹೆಬ್ಬೆರಳು ಗಾತ್ರದ ಸಣ್ಣ ಕುಪ್ಪಿ ಆರು ಕಳಿಸು, ನಾಲ್ಕು ಹನಿಗೂ ಕೊರಳವರೆಗೆ ತುಂಬುವಂಥದ್ದು. ಅದರ ಜೊತೆಗೆ ದೊಡ್ಡದೊಂದು, ಖಾಲಿ, ಅಮ್ಮನ ಬಾವಿನೀರಿಗೆ, ದೇವಮ್ಮ ಎಂದು ಅವಳ ಹೆಸರಿನ ಚೀಟಿ ಅಂಟಿಸಿ.