ಬಾವುಟ ಹಿಡಿದ ಕೈಗೆ ಸುತ್ತಿದ ರೊಟ್ಟಿ

ಕೋಲ್ಕತ್ತ, ಸೋಮವಾರ ಸಂಜೆ

ಅವ್ವಾ,

ಆಫೀಸಿನ ತರಬೇತಿಗೆ ಬಂದು ನಾಲ್ಕು ದಿನವಾಯಿತು. ಇಲ್ಲಿ ಬೀದಿ ತುಂಬ ಕಾಠಿ ರೋಲ್. ಪರೋಟದೊಳಗೆ ಕಬಾಬಿಟ್ಟು, ಸುರುಳಿ ಸುತ್ತಿ, ಕಾಗದ ಹೊದಿಸಿ ಕೊಡುತ್ತಾರೆ. ಇದು ಹುಟ್ಟಿದ್ದು ಹೇಗೆಂದು ಅಂಗಡಿಯ ಮುದುಕನನ್ನು ಹರಕುಮುರುಕು ಹಿಂದಿಯಲ್ಲಿ ಕೇಳಿದೆ. ಯಾರೋ ಅವಸರದ ಗಿರಾಕಿ ಕೈಗೆ ಜಿಡ್ಡಾಗದ ಹಾಗೆ ಕೊಡಿ ಎಂದನಂತೆ. ಅವನು ಯಾರೆಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ.

ಅಷ್ಟರಲ್ಲಿ ಟ್ರಾಮಿನ ಗಂಟೆ ಹೊಡೆಯಿತು. ಒಲೆಯ ಹೊಗೆಯಾಚೆ ನಮ್ಮ ಬಾಣಾವರದ ರೈಲ್ವೆ ಗೇಟು ತೇಲಿ ಬಂತು. ಹಸಿರು ಬಾವುಟ ಹಿಡಿದು ನಿಂತ ಅಪ್ಪ, ಪಕ್ಕದಲ್ಲಿ ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಬಾಳೆಲೆಯಲ್ಲಿ ಸುತ್ತುವ ನೀನು. "ಒಂದ್ ಕೈಲಿ ಬಾವುಟ ಐತೆ, ತಟ್ಟೆ ಎಲ್ಲಿ ಹಿಡ್ಕತಾರೆ?" ಅನ್ನುತ್ತಿದ್ದೆ ನೀನು. ಆ ಮೊದಲ ಗಿರಾಕಿ ಅಪ್ಪನೇ ಅನ್ನಿಸಿಬಿಟ್ಟಿತು.

ಹೊಟ್ಟೆ ಸರಿಯಿದೆ, ಕಾಯಿಸಿದ ನೀರನ್ನೇ ಕುಡಿಯುತ್ತಿದ್ದೇನೆ. ಈ ಪೋಸ್ಟ್ ಕಾರ್ಡು ತುಂಬಿತು. ಅಪ್ಪ ರಿಟೈರಾಗಿ ಎರಡು ವರ್ಷವಾದರೂ, ತಟ್ಟೆಗೆ ಹಾಕಿದ ರೊಟ್ಟಿಯನ್ನು ಸುತ್ತಿಕೊಂಡೇ ತಿನ್ನುತ್ತಾರೆ, ಎಡಗೈ ಸುಮ್ಮನೆ ಮೇಲೆತ್ತಿರುತ್ತದೆ. ಕೈ ಇಳಿಸಿ ಎಂದು ಇನ್ನು ಬೈಯಬೇಡ ಅವ್ವಾ. ರೈಲು ದಾಟಿ ಹೋಗಲಿ.

ನಿನ್ನ ಗೌತಮಿ