ವಿಭಾ ಆರಿಸಿದ ತಂಡ

ಗ್ರೀನ್‌ಫರ್ಡ್, ಲಂಡನ್
೩ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಇಷ್ಟು ದೂರದಿಂದಲೇ ನಿಮ್ಮ ಕಾಲು ಮುಟ್ಟಿದ್ದೇನೆ ಅಂದುಕೊಳ್ಳಿ. ಕಿವಿಯ ಹೊಸ ಮಷಿನ್ ಹೇಗಿದೆ? ಊಟದ ಹೊತ್ತಿಗೆ ಹಾಕಿಕೊಂಡು ಕೂತಿರುತ್ತೀರಂತೆ, ಗುಳಿಗೆಯ ಮಾತು ಬಂದ ಕೂಡಲೇ ತೆಗೆದು ಜೇಬಿಗೆ ಹಾಕುತ್ತೀರಂತೆ. ರುದ್ರೇಶ ಎಲ್ಲ ಹೇಳಿದ. ತಮ್ಮನ ಮನೆಯಲ್ಲಿ ಏನು ನಡೆದರೂ ನನಗೆ ಸುದ್ದಿ ಬರುತ್ತದೆ, ನೆನಪಿರಲಿ. ಬಿಪಿಯ ಗುಳಿಗೆ ತಪ್ಪಿಸಬೇಡಿ. ಮೊಣಕಾಲು ನೋವಿಗೆ ಇವರು ಹೇಳಿದ ವ್ಯಾಯಾಮ ಬಿಡಬೇಡಿ. ಅಳಿಯ ಅರಿವಳಿಕೆ ಡಾಕ್ಟರು, ಮೊಣಕಾಲಿನ ಬಗ್ಗೆ ಅವನಿಗೇನು ಗೊತ್ತು ಎಂದು ನೀವು ಗೊಣಗುತ್ತೀರಿ. ಆದರೂ ಮಾಡಿ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಈ ವರ್ಷ ಬಿಸಿಲು ಜೋರು. ಹಿತ್ತಲಿನ ಟೊಮ್ಯಾಟೊ ಗಿಡಗಳು ನನಗಿಂತ ಎತ್ತರ ಬೆಳೆದಿವೆ. ಇವರಿಗೆ ಆಸ್ಪತ್ರೆಯಲ್ಲಿ ಕೈತುಂಬ ಕೆಲಸ. ಇನ್ನು ಮಕ್ಕಳ ವಿಷಯ. ಅದನ್ನು ಫೋನಿನಲ್ಲಿ ಹೇಳಲು ನೋಡಿದೆ, ಆಗಲಿಲ್ಲ. ನಾನು ಏನು ಹೇಳಿದರೂ ನೀವು ‘ಹೌದೌದು’ ಅನ್ನುತ್ತೀರಿ. ಮಯೂರನ ಪರೀಕ್ಷೆ ಮುಗಿಯಿತು ಎಂದಾಗ ‘ಎಷ್ಟ್ ಗೋಲ್ ಹೊಡದಾ?’ ಎಂದು ಕೇಳಿದಿರಿ. ಹೋದ ಪತ್ರದಲ್ಲಿ ನೀವೇ ಬರೆದಿದ್ದಿರಿ, ‘ನಿಮ್ಮ ಟೀಮಿಗೆ ಯಾರ್ಯಾರ್ನ ತೊಗೊಂಡ್ರು, ಯಾಕ್ ತೊಗೊಂಡ್ರು, ಎಲ್ಲಾ ಬರಿ, ಪೇಪರಿನವ್ರ ಗತೆ ಬರೀಬ್ಯಾಡ’ ಎಂದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಕ್ಲಬ್ ಪಂದ್ಯಗಳು ಏಪ್ರಿಲ್‌ಗೆ ಮುಗಿಯುತ್ತವೆ. ಆಮೇಲೆ ಬೇಸಿಗೆಗೆಂದೇ ಒಂದು ಪುಟ್ಟ ಹಾಕಿ ಲೀಗ್ ನಡೆಯುತ್ತದೆ. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಕೂಡಿ ಆಡುತ್ತಾರೆ, ತಂಡಕ್ಕೆ ಕ್ಯಾಪ್ಟನ್ ಸೇರಿ ಆರೇ ಜನ. ಆಡಲು ಮನಸ್ಸಿರುವವರು ಹೆಸರು ಕೊಡುತ್ತಾರೆ. ಆರು ತಂಡಗಳ ಕ್ಯಾಪ್ಟನ್‌ಗಳು ಒಂದು ಶನಿವಾರ ಕ್ಲಬ್‌ಹೌಸಿನಲ್ಲಿ ಸೇರಿ, ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ನಮ್ಮ ಗ್ರೀನ್‌ಫರ್ಡ್ ಹೆರಾನ್ಸ್ ಹೋದ ವರ್ಷ ಕಟ್ಟಕಡೆಗೆ ಬಂದಿತ್ತು. ಅದರ ಕ್ಯಾಪ್ಟನ್ ನಮ್ಮ ವಿಭಾ. ಹೆಸರು ಕೊಟ್ಟವರಲ್ಲಿ ಎಲ್ಲರಿಗಿಂತ ವೇಗದ ಫಾರ್ವರ್ಡ್ ನಮ್ಮ ಮಯೂರ್. ಅಕ್ಕನಿಗೆ ಮೊದಲ ಸರದಿ, ತಮ್ಮ ಎಲ್ಲರಿಗಿಂತ ಚೆನ್ನಾಗಿ ಆಡುವವನು. ಅವಳು ಅವನನ್ನೇ ಆರಿಸುತ್ತಾಳೆ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿಯೂ ಇರಲಿಲ್ಲ, ಅಷ್ಟು ಖಚಿತವಾಗಿತ್ತು. ನಾನು ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, ಹೆರಾನ್ಸ್ ತಂಡದ ನೀಲಿ ಸ್ಕಾರ್ಫ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಹೋಗಿ ಕೂತೆ. ಆ ತಂಡದ ಮೇಲೆ ನನಗೆ ಎಷ್ಟು ಹುಚ್ಚು ಎಂದು ನಿಮಗೆ ಗೊತ್ತು. ವಿಭಾ ಕ್ಯಾಪ್ಟನ್ ಆಗುವುದಕ್ಕೂ ಮೊದಲಿನಿಂದ ನಾನು ಅದರ ಅಭಿಮಾನಿ.

ವಿಭಾ ಎದ್ದು ನಿಂತು ಮೊದಲ ಹೆಸರು ಹೇಳಿದಳು, ‘ಸಂದೀಪ್’ ಎಂದು.

ಸಂದೀಪ್ ಸೌತಾಲಿನ ಪಂಜಾಬಿ, ನಲವತ್ತು ದಾಟಿದ ಫುಲ್‌ಬ್ಯಾಕ್. ಮೊಣಕಾಲಿಗೆ ಆಪರೇಷನ್ ಆಗಿ ಎರಡು ವರ್ಷ ಆಟ ಬಿಟ್ಟಿದ್ದವರು. ಅವರೇ ನಂಬದೆ, ಯಾವ ಸಂದೀಪ್ ಎಂದು ಹಿಂದೆ ತಿರುಗಿ ನೋಡಿದರು. ಇವರು ನನ್ನ ಕಿವಿಯಲ್ಲಿ ‘ತಮ್ಮನನ್ನೇ ಮರೆತುಬಿಟ್ಟಳೇನೇ?’ ಅಂದರು. ಅಷ್ಟರಲ್ಲಿ ಎರಡನೆಯ ಸರದಿಯ ಕ್ರೋಯ್ಡನ್ ಕ್ಯಾಪ್ಟನ್ ಕುರ್ಚಿಯಿಂದ ಅರ್ಧ ಎದ್ದು, ವಿಭಾ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎನ್ನುವಂತೆ ಮಯೂರನ ಹೆಸರು ಹೇಳಿಬಿಟ್ಟ. ನಾನು ಮಗನ ಮುಖ ನೋಡಿದೆ. ಅವನು ತನ್ನ ಶೂಗಳನ್ನು ನೋಡುತ್ತಿದ್ದ.

ಉಳಿದ ಆಯ್ಕೆಗಳನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನೀವು ಬಯ್ಯುತ್ತೀರಿ. ಆಮೇಲೆ ಬಂದವಳು ನಿಖಿತಾ, ಕೆಂಟನ್ ಕಡೆಯ ಹುಡುಗಿ, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸ್, ಗೋಲ್‌ಕೀಪರ್. ಗೋಲಿನಲ್ಲಿ ನಿಂತರೆ ಬಾಯಿ ಮುಚ್ಚುವುದಿಲ್ಲ, ಮುಂದಿರುವ ಪ್ರತಿಯೊಬ್ಬರಿಗೂ ಹೆಸರು ಹಿಡಿದು ‘ಎಡಕ್ಕೆ ಬಾ, ಹಿಂದೆ ಬಾ’ ಎನ್ನುತ್ತಲೇ ಇರುತ್ತಾಳೆ. ಅಂಥ ಗೋಲ್‌ಕೀಪರ್ ನಿಮಗೆ ಎಷ್ಟು ಇಷ್ಟ ಎಂದು ನನಗೆ ಗೊತ್ತು. ಅವಳ ನಂತರ ಶಾಲೆಯ ಟೀಚರ್ ಫಿಯೋನಾ, ರೈಟ್ ಹಾಫ್. ಪೆನಾಲ್ಟಿ ಕಾರ್ನರಿನ ಚೆಂಡನ್ನು ಗೆರೆ ಎಳೆದ ಹಾಗೆ ತಳ್ಳುತ್ತಾಳೆ. ಆಮೇಲೆ ಬೆಂಗಳೂರಿನ ಅಚಿಂತ್ಯ, ಐಟಿ ಕೆಲಸದವನು, ಕಾಲೇಜು ಬಿಟ್ಟ ಮೇಲೆ ಸ್ಟಿಕ್ ಮುಟ್ಟಿರಲಿಲ್ಲ. ಓಟ ನಿಧಾನ. ಆದರೆ ಅವನ ಸ್ಟಿಕ್ಕಿಗೆ ಬಂದ ಚೆಂಡು ಅಲ್ಲೇ ನಿಲ್ಲುತ್ತದೆ, ಪುಟಿಯುವುದಿಲ್ಲ. ಕೊನೆಯವನು ಅಮರ. ಅವನ ಹೊಡೆತಕ್ಕೆ ಬಲವಿದೆ, ದಿಕ್ಕಿಲ್ಲ. ಆ ಆಯ್ಕೆ ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಒಪ್ಪಿಗೆಯಿಲ್ಲ.

ಚಿತ್ರಾನ್ನದ ಡಬ್ಬಿ ಮುಚ್ಚಿದ ಹಾಗೇ ವಾಪಸ್ಸು ಬಂತು. ಮಯೂರ್ ನೇರ ತನ್ನ ಕೋಣೆಗೆ ಹೋದ. ವಿಭಾ ಅಡುಗೆಮನೆಯಲ್ಲಿ ನಿಂತುಕೊಂಡೇ ಮೊಸರನ್ನ ತಿನ್ನುತ್ತಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ನನ್ನ ಮಕ್ಕಳು ಸಾಮಾನ್ಯವಾಗಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ. ಅವಳು ಕನ್ನಡಕ್ಕೆ ಬಂದಳೆಂದರೆ ಮಾತು ಗಟ್ಟಿ ಎಂದೇ ಅರ್ಥ. ‘ಅಮ್ಮಾ, ಲಾಸ್ಟ್ ಇಯರ್ ನಾವು ಗೋಲ್ ಹೊಡೀಲಿಲ್ಲ ಅಂತ ಸೋತಿಲ್ಲ. ಗೋಲ್ ಬಿಟ್ಟು ಬಿಟ್ಟು ಸೋತ್ವಿ. ನನಗೆ ಹಿಂದೆ ನಿಲ್ಲೋರು ಬೇಕಿತ್ತು’ ಅಂದಳು. ಸರಿ, ಆದರೆ ತಮ್ಮ ಎಂದೆ. ಅವಳು ತಟ್ಟೆ ಕೆಳಗಿಟ್ಟು, ‘ಫೀಲ್ಡಲ್ಲಿ ನಾನು ಪಾಸ್ ಮಾಡು ಅಂತ ಕೂಗಿದ್ರೆ, ಮನೇಲಿ ಪಾತ್ರೆ ತೊಳಿ ಅಂದ ಹಾಗೆ ಕೇಳಿಸುತ್ತೆ ಅವನಿಗೆ. ಕೇಳಿಸಿದ್ರೂ ಕೇಳಿಸದ ಹಾಗೆ ಓಡ್ತಾನೆ. ನನ್ನ ಟೀಮಲ್ಲಿ ಇರೋವರೆಗೂ ಅವನು ನನ್ನ ತಮ್ಮನೇ ಆಗಿರ್ತಾನೆ, ಪ್ಲೇಯರ್ ಆಗಲ್ಲ’ ಅಂದಳು. ಹಿಂದಿನ ಸಂಜೆಯೇ ಮಯೂರನಿಗೆ ಇದನ್ನು ಹೇಳಿದ್ದಳಂತೆ. ಅವನು ನಂಬಿರಲಿಲ್ಲ.

ಅದಾದ ಮೇಲೆ ಅಕ್ಕ ತಮ್ಮ ಮಾತು ಬಿಟ್ಟರು. ಜಗಳವಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಎದ್ದು ಹೋಗುವುದು, ಉಪ್ಪಿನ ಡಬ್ಬಿ ಬೇಕಿದ್ದರೂ ನನ್ನ ಮೂಲಕ ಕೇಳುವುದು. ಇವರು ಮಗನ ಪಕ್ಷ ವಹಿಸಿದರು. ಮೊದಲ ವಾರದೊಳಗೆ ತಂಡಗಳು ಒಪ್ಪಿಕೊಂಡರೆ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಬಹುದು ಎಂದು ನಿಯಮವಿದೆ. ‘ನೀನು ಒಂದು ಮಾತು ಹೇಳಿದರೆ ಅವಳು ಕೇಳ್ತಾಳೆ, ಸಂದೀಪನ್ನ ಕೊಟ್ಟು ಮಯೂರನ್ನ ತಗೊಳ್ಳಲಿ’ ಎಂದು ಇವರು ನನ್ನ ಹಿಂದೆ ಬಿದ್ದರು. ನನಗೂ ಅದೇ ಸರಿ ಅನ್ನಿಸಿತ್ತು. ಹೆರಾನ್ಸ್ ಅಭ್ಯಾಸ ಮಾಡುವ ಮೈದಾನಕ್ಕೆ ಆ ಮಾತು ಹೇಳಬೇಕೆಂದೇ ಹೋದೆ.

ಹೋಗಿ ಬೇಲಿಯ ಹೊರಗೆ ನಿಂತೆ, ಅಪ್ಪಾ. ಚೆಂಡು ನಮ್ಮ ಗೋಲಿನ ಕಡೆ ಬರುತ್ತಿತ್ತು. ಸಂದೀಪ್ ಓಡಲೇ ಇಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರು, ಕೈ ಸ್ವಲ್ಪ ಎತ್ತಿದರು, ಅಷ್ಟೇ. ಅವರ ಕೈ ನೋಡಿ ಅಚಿಂತ್ಯ ಸರಿದ, ಅವನನ್ನು ನೋಡಿ ಫಿಯೋನಾ ಸರಿದಳು, ಹಿಂದಿನಿಂದ ನಿಖಿತಾಳ ಕೂಗು ಬಂತು. ನಾಲ್ಕು ಜನ ಒಂದೇ ಬಾಗಿಲು ಮುಚ್ಚಿದ ಹಾಗೆ ಮುಚ್ಚಿಕೊಂಡರು. ಚೆಂಡು ತಂದವನಿಗೆ ಹೋಗಲು ಜಾಗವೇ ಇರಲಿಲ್ಲ, ಗೆರೆಯ ಹೊರಗೆ ಹೋಗಿ ನಿಂತ. ಹೋದ ವರ್ಷ ಇದೇ ಹೆರಾನ್ಸ್ ಹಿಂದಿನ ಸಾಲು, ಚೆಂಡು ಬಂದರೆ ಕೋಳಿಗಳ ಹಾಗೆ ಚೆದರುತ್ತಿತ್ತು. ನೀವು ರೈಲ್ವೆ ತಂಡದಲ್ಲಿ ಫುಲ್‌ಬ್ಯಾಕ್ ಆಡಿದವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾರ್ಚ್ ತಿಂಗಳೆಲ್ಲ ವಿಭಾ ಕೌನ್ಸಿಲ್ ಆಫೀಸಿನ ಕೆಲಸ ಮುಗಿಸಿ, ಛತ್ರಿ ಹಿಡಿದು ಎಲ್ಲೆಲ್ಲೋ ಹೋಗುತ್ತಿದ್ದಳು. ಯಾರನ್ನೋ ಮದುವೆಯಾಗುವ ಯೋಚನೆ ಇರಬೇಕೆಂದು ನಾವಿಬ್ಬರೂ ಮೆಲ್ಲಗೆ ಖುಷಿಪಟ್ಟಿದ್ದೆವು. ಆ ದಿನ ಮೈದಾನದಲ್ಲಿ ಸಂದೀಪ್ ನನಗೆ ಹೇಳಿದರು, ಅವರು ಮತ್ತೆ ಆಟಕ್ಕೆ ಇಳಿದು ತಮ್ಮ ಹಳೆಯ ಕ್ಲಬ್ಬಿನ ನಾಲ್ಕನೇ ತಂಡದಲ್ಲಿ ಆಡುವಾಗ ನೋಡಲು ಬರುತ್ತಿದ್ದವಳು ಇವಳೊಬ್ಬಳೇ ಎಂದು. ಎಲ್ಲರೂ ಗೋಲು ಹೊಡೆಯುವವರನ್ನು ನೋಡುತ್ತಿದ್ದಾಗ ಇವಳು ಮಳೆಯಲ್ಲಿ ನಿಂತು, ಗೋಲು ಯಾಕೆ ಆಗಲಿಲ್ಲ ಎಂದು ನೋಡುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಗೆ ಇಂಥ ಕಣ್ಣಿದೆ ಎಂದು ನನಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಹೋಗಿದ್ದ ಮಾತನ್ನು ಹೇಳದೆ ಬಂದೆ. ಮನೆಗೆ ಬಂದು ಇವರಿಗೆ, ‘ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ನೀವು ಕೇಳುವುದಾದರೆ ಮೊದಲು ಅವರ ಆಟ ನೋಡಿ ಬಂದು ಕೇಳಿ’ ಅಂದೆ. ಇವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಹಾಕಿ ಎಂದರೆ ಮುರಿದ ಬೆರಳು ಎಂದು ಮಾತ್ರ ತಿಳಿದಿರುವ ಮನುಷ್ಯ, ಪಾಪ.

ಜೂನ್ ಕೊನೆಯಲ್ಲಿ ಹೆರಾನ್ಸ್‌ಗೂ ಕ್ರೋಯ್ಡನ್‌ಗೂ ಪಂದ್ಯವಾಯಿತು. ಮಗಳು ಒಂದು ಕಡೆ, ಮಗ ಇನ್ನೊಂದು ಕಡೆ. ನಾನು ನೀಲಿ ಸ್ಕಾರ್ಫ್ ಬಿಡಲಿಲ್ಲ. ಇವರು ಕ್ರೋಯ್ಡನ್ ಬೆಂಚಿನ ಹತ್ತಿರ ಹೋಗಿ ನಿಂತರು. ಮದುವೆಯಾದ ಮೇಲೆ ನಾವಿಬ್ಬರೂ ಬೇರೆ ಬೇರೆ ಕಡೆ ನಿಂತು ಆಟ ನೋಡಿದ್ದು ಇದೇ ಮೊದಲು. ಶುರುವಾದ ಸ್ವಲ್ಪ ಹೊತ್ತಿಗೇ ಮಯೂರ್ ಒಬ್ಬನೇ ಚೆಂಡು ತಂದು ಗೋಲು ಹೊಡೆದ, ಅಕ್ಕನ ಕಡೆ ತಿರುಗಿ ನೋಡಿದ. ಆಮೇಲೆ ಸಂದೀಪ್ ಅವನ ಪಕ್ಕಕ್ಕೆ ಬಂದು ನಿಂತರು. ಮಯೂರ್ ಎಷ್ಟು ಓಡಿದರೂ ಮೂಲೆಗೇ ಹೋಗಿ ಸೇರುತ್ತಿದ್ದ. ಒಂಟಿಯಾಗಿ ಓಡುವುದು, ಚೆಂಡು ಕಳೆದುಕೊಳ್ಳುವುದು, ಮತ್ತೆ ಓಡುವುದು. ಅವನ ಕ್ಯಾಪ್ಟನ್ ‘ಪಾಸ್, ಪಾಸ್’ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡ. ಫಿಯೋನಾ ಒಂದು, ವಿಭಾ ಒಂದು ಗೋಲು ಹೊಡೆದು ನಾವು ಮುಂದೆ ಹೋದೆವು. ಅಮರನಿಗೆ ತೆರೆದ ಗೋಲು ಸಿಕ್ಕಿತ್ತು. ಅವನು ಚೆಂಡನ್ನು ಕಾರು ನಿಲ್ಲಿಸುವ ಜಾಗಕ್ಕೆ ಕಳಿಸಿದ.

ಪಂದ್ಯ ಮುಗಿಯುತ್ತಾ ಬಂದಾಗ ಕ್ರೋಯ್ಡನ್‌ನವರು ಒಂದು ಗೋಲು ಹೊಡೆದು ಸಮ ಮಾಡಿಕೊಂಡರು. ಆಮೇಲೆ ಮಯೂರನ ಸ್ಟಿಕ್ಕಿಗೆ ಮತ್ತೆ ಚೆಂಡು ಬಂತು. ಸಂದೀಪ್ ಎದುರಿಗೆ ನಿಂತಿದ್ದರು. ಅವನು ಓಡಲು ಭುಜ ಬಗ್ಗಿಸಿದವನು ನಿಂತುಬಿಟ್ಟ. ತಲೆ ಎತ್ತಿ ನೋಡಿದ. ಅವನು ತಲೆ ಎತ್ತಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಎಡಗಡೆ ಒಬ್ಬಳು ಹುಡುಗಿ ಒಂಟಿಯಾಗಿ ನಿಂತಿದ್ದಳು. ಮೆಲ್ಲಗೆ ಅವಳಿಗೆ ಚೆಂಡು ತಳ್ಳಿದ. ಅವಳು ಗೋಲು ಹೊಡೆದಳು. ನಾವು ಸೋತೆವು.

ನಮ್ಮವರೆಲ್ಲ ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ, ಹೆರಾನ್ಸ್ ಕ್ಯಾಪ್ಟನ್ ಸ್ಟಿಕ್ ಕಂಕುಳಲ್ಲಿ ಇಟ್ಟುಕೊಂಡು ಚಪ್ಪಾಳೆ ತಟ್ಟುತ್ತಿದ್ದಳು. ನಿಖಿತಾ ಅವಳಿಗೆ ಅಲ್ಲೇ ಬೈದಳು. ಮಯೂರ್ ಬೆವರು ಒರೆಸಿಕೊಳ್ಳುತ್ತಾ ಬಂದು ಅಕ್ಕನ ಮುಂದೆ ನಿಂತ. ಏನು ಹೇಳುತ್ತಾನೋ ಎಂದು ನಾನು ಹತ್ತಿರ ಸರಿದೆ. ‘ಆ ಅಂಕಲ್‌ನ ಎಲ್ಲಿಂದ ಹಿಡ್ಕೊಂಡು ಬಂದೆ ನೀನು?’ ಅಂದ, ಅದೂ ಕನ್ನಡದಲ್ಲಿ. ವಿಭಾ, ‘ನಿನ್ನನ್ನ ಬಿಟ್ಟು ತಗೊಂಡೆ, ಸುಮ್ಮನೆ ಅಲ್ಲ’ ಅಂದಳು. ಇಬ್ಬರೂ ನಗಲಿಲ್ಲ, ತಬ್ಬಿಕೊಳ್ಳಲಿಲ್ಲ. ಒಂದೇ ಬಾಟಲಿಯ ನೀರು ಕುಡಿದರು. ಅವತ್ತು ಮನೆಯಲ್ಲಿ ಉಪ್ಪಿನ ಡಬ್ಬಿ ನನ್ನ ಕೈಗೆ ಬರದೆ ಮೇಜಿನ ಆ ತುದಿಯಿಂದ ಈ ತುದಿಗೆ ಹೋಯಿತು.

ಲೀಗ್ ಹೋದ ವಾರ ಮುಗಿಯಿತು. ನಾವು ಗೆಲ್ಲಲಿಲ್ಲ, ಮೂರನೆಯ ಸ್ಥಾನಕ್ಕೆ ಬಂದೆವು. ಕಟ್ಟಕಡೆಯ ತಂಡಕ್ಕೆ ಅದು ಸಣ್ಣ ಮಾತಲ್ಲ. ಎಲ್ಲರಿಗಿಂತ ಕಡಿಮೆ ಗೋಲು ಬಿಟ್ಟವರು ನಾವೇ. ಕ್ರೋಯ್ಡನ್ ಎರಡನೆಯದಾಯಿತು. ಅಮರ ಇಡೀ ಬೇಸಿಗೆಯಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ‘ಅದೊಂದರಲ್ಲಿ ನೀನೇ ರೈಟ್ ಅಮ್ಮಾ’ ಎಂದು ವಿಭಾ ಒಪ್ಪಿಕೊಂಡಿದ್ದಾಳೆ. ಇವರು ಈಗ ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಡಿಫೆನ್ಸ್ ಎಂದರೆ ಏನು ಎಂದು ಪಾಠ ಹೇಳುತ್ತಿದ್ದಾರಂತೆ.

ರುದ್ರೇಶನಿಗೂ ಅವನ ಮನೆಯವರಿಗೂ ನನ್ನ ನೆನಪು ಹೇಳಿ. ಗುಳಿಗೆ, ಮಷಿನ್ ಎರಡೂ ಜೇಬಿನಲ್ಲಿ ಇರಬಾರದು. ಇವರೂ ಮಕ್ಕಳೂ ನಿಮ್ಮ ಆಶೀರ್ವಾದ ಕೇಳಿದ್ದಾರೆ.

ನಿಮ್ಮ ಮಗಳು,
ಶ್ರೀಲತಾ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಡಿಸೆಂಬರಿನಲ್ಲಿ ವಿಭಾ ಒಬ್ಬಳೇ ಹುಬ್ಬಳ್ಳಿಗೆ ಬರುತ್ತಿದ್ದಾಳೆ. ನಿಮ್ಮ ರೈಲ್ವೆ ಗ್ರೌಂಡ್ ನೋಡಬೇಕಂತೆ. ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಅಪ್ಪಾ. ನೀವು ರುದ್ರೇಶನ ಕೈಗೆ ಸ್ಟಿಕ್ ಕೊಟ್ಟು ಒಳಗೆ ಕರೆದೊಯ್ಯುತ್ತಿದ್ದಿರಿ, ನನ್ನನ್ನು ಸೈಕಲ್ ಕಾಯಲು ಗೇಟಿನ ಹತ್ತಿರ ನಿಲ್ಲಿಸುತ್ತಿದ್ದಿರಿ. ನಾನು ಆಟ ಕಲಿತದ್ದು ಆ ಗೇಟಿನ ಸರಳುಗಳ ಸಂದಿಯಿಂದ. ಅದಕ್ಕೆ ಈಗ ಬೇಜಾರಿಲ್ಲ ಎಂದು ಬರೆಯಲು ಹೊರಟಿದ್ದೆ, ಸ್ವಲ್ಪ ಇದೆ. ನಿಮ್ಮ ಹಳೆಯ ಗೆಳೆಯರಿಗೆ ಪರಿಚಯ ಮಾಡಿಸುವಾಗ ಮಯೂರನ ಅಕ್ಕ ಅನ್ನಬೇಡಿ, ಕ್ಯಾಪ್ಟನ್ ಅನ್ನಿ. ಸ್ಟಿಕ್ ಅವಳೇ ತರುತ್ತಾಳೆ.