ಇನ್ನೂರರಲ್ಲಿ ಇಪ್ಪತ್ತು

ಅಪ್ಪ,

ಇವತ್ತು ಎಂಬಿಎ ತರಗತಿಯಲ್ಲಿ ನಿನ್ನ ಕಾರ್ಖಾನೆಯದೇ ಪಾಠ. ಒಂದೊಂದು ಬೇರಿಂಗನ್ನೂ ಪರೀಕ್ಷಿಸಬೇಕಿಲ್ಲ, ಇನ್ನೂರರಲ್ಲಿ ಇಪ್ಪತ್ತು ನೋಡಿದರೆ ಸಾಕು ಎಂದು ಅಲ್ಲಿ ನಾನು ಲೆಕ್ಕ ಹಾಕಿ ತೋರಿಸಿದ್ದೆನಲ್ಲ, ಅದು.

“ಮೇಡಂ, ಮೊದಲು ಎಲ್ಲಾನೂ ನೋಡ್ತಿದ್ದೋರು ಏನಾದ್ರು?” ಎಂದು ಒಬ್ಬಳು ಕೇಳಿದಳು.

“ಮನೆಗೆ ಕಳಿಸಿದ್ರು. ಅವರು ನಮ್ಮಪ್ಪ. ಆದ್ರೆ ಲೆಕ್ಕ ಸರಿಯಾಗೇ ಇತ್ತು,” ಎಂದೆ.

ಸರಿಯಾಗೇ ಇತ್ತು ಅಪ್ಪ. ನೀನು ಸಾಯುವತನಕ ಮುಖ ಕೊಟ್ಟು ಮಾತಾಡದಿದ್ದರೂ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈಗಲೂ ಇಲ್ಲ.

ತರಗತಿ ಖಾಲಿಯಾದ ಮೇಲೆ ಬಾಗಿಲು ಹಾಕಿಕೊಂಡು, ಪಾಠಕ್ಕೆ ತಂದಿದ್ದ ಪೆಟ್ಟಿಗೆಯಲ್ಲಿ ಉಳಿದ ನೂರ ಎಂಬತ್ತು ಬೇರಿಂಗುಗಳನ್ನೂ ನಿನ್ನ ಹಾಗೇ ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಒಂದೂ ಕೆಟ್ಟಿರಲಿಲ್ಲ, ನೋಡು.

ಎರಡನೇ ಸಲ ತಿರುಗಿಸಿದಾಗಲೂ.